ತಪ್ಪಿಹೋದ ಆಯೇರಿಯ ಫೋಟೋ

ನಮ್ಮ ಕಡೆಯ ಮಂದಿ ಕ್ಯಾಮೆರಾ ಕಂಡ ಕೂಡಲೇ ಉಸಿರು ಹಿಡಿಯುತ್ತಾರೆ. ಬೇಕಾದರೆ ನಿಮ್ಮ ಮನೆಯ ಹಳೆಯ ಆಲ್ಬಮ್ ತೆಗೆದು ನೋಡಿ. ಅಪ್ಪ ಎದೆ ಉಬ್ಬಿಸಿ ನಿಂತಿರುತ್ತಾನೆ, ಅವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡಿರುತ್ತಾಳೆ, ಕಾಕಾ ಕೋರ್ಟಿಗೆ ಸಾಕ್ಷಿ ಹೇಳಲು ಬಂದವನ ಹಾಗೆ ಕೈ ಕಟ್ಟಿರುತ್ತಾನೆ. ಎರಡು ನಿಮಿಷದ ಹಿಂದೆ ಇದೇ ಮಂದಿ ಒಬ್ಬರ ತೊಡೆಯನ್ನು ಒಬ್ಬರು ತಟ್ಟಿ ನಗುತ್ತಿದ್ದರು. ನಾನು ತೆಗೆಯುವುದು ಆ ಎರಡು ನಿಮಿಷದ ಹಿಂದಿನ ಫೋಟೋ. ನನ್ನ ಕಸುಬನ್ನು ಇದಕ್ಕಿಂತ ಉದ್ದವಾಗಿ ಹೇಳಲು ನನಗೆ ಬರುವುದಿಲ್ಲ.

ಹೆಚ್ಚು ಓದಿದವನೂ ಅಲ್ಲ. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟೆ; ಅದರಿಂದ ಶಾಲೆಗೇನೂ ನಷ್ಟವಾಗಲಿಲ್ಲ. ಬಸವನ ಬಾಗೇವಾಡಿಯ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಗೋಡೆಯ ತುಂಬ ಒಂದು ಪರದೆ, ಪರದೆಯ ಮೇಲೆ ಜಲಪಾತ, ಜಲಪಾತದ ಕೆಳಗೆ ಎರಡು ಹಂಸ. ಜೋಳದ ಹೊಲದಿಂದ ನೇರವಾಗಿ ಬಂದ ಗಂಡ ಹೆಂಡತಿ ಆ ಹಂಸಗಳ ನಡುವೆ ಕುಳಿತು, ಬಸ್ಸು ತಪ್ಪಿಸಿಕೊಂಡವರ ಮುಖ ಮಾಡುತ್ತಿದ್ದರು. ನಮ್ಮ ಸಾವಕಾರರು ದಿನಕ್ಕೆ ನೂರು ಸಲ ಒಂದೇ ಮಂತ್ರ ಹೇಳುತ್ತಿದ್ದರು: "ಗದ್ದ ಮ್ಯಾಲ, ಭುಜ ಕೆಳಗ, ಕಣ್ಣ ಮುಚ್ಚಬ್ಯಾಡ."

ಒಮ್ಮೆ ತಡೆಯದೆ ಕೇಳಿಯೇಬಿಟ್ಟೆ. "ಸಾವಕಾರ್ರ, ಮನ್ಯಾಗ ಯಾರರ ಹಿಂಗ ಕುಂಡರ್ತಾರೇನ್ರಿ?"

"ಮನ್ಯಾಗ ಕುಂಡ್ರೂದು ನೋಡಾಕ ಫೋಟೋ ಯಾಕ ಬೇಕಲೇ?" ಎಂದರು ಅವರು.

ಸ್ಟುಡಿಯೋ ಬಿಟ್ಟ ಒಂಬತ್ತು ವರ್ಷದಿಂದ ಅವರ ಆ ಪ್ರಶ್ನೆಗೇ ಉತ್ತರ ಕೊಡುತ್ತಾ ತಿರುಗುತ್ತಿದ್ದೇನೆ ಅನಿಸುತ್ತದೆ. ಈಗ ನನಗೆ ಸ್ಟುಡಿಯೋ ಇಲ್ಲ, ಪರದೆಯೂ ಇಲ್ಲ. ಇಂಡಿ ತಾಲೂಕಿನ ನಿಂಬೆ ತೋಟದಲ್ಲಿ, ತಂಗಡಗಿಯ ಹೊಳೆದಂಡೆಯಲ್ಲಿ, ಹೊಲದ ಬೇವಿನ ಗಿಡದ ಕೆಳಗೆ ಹಂದರ ಹಾಕಿ ಮದುವೆ ಮಾಡುವವರು ನನ್ನನ್ನು ಕರೆಯುತ್ತಾರೆ. ಕಲ್ಯಾಣ ಮಂಟಪದಲ್ಲಿ ಹೊಗೆ ಬಿಟ್ಟು, ಮದುಮಗಳನ್ನು ಮೇಲಿನಿಂದ ಇಳಿಸುವ ಮದುವೆಯವರು ಕರೆಯುವುದಿಲ್ಲ. ಕರೆದರೂ ಒಂದೇ ಸಲ. ಅಲ್ಲಿ ನಾನು, ಹೊಗೆಯಲ್ಲಿ ಕೆಮ್ಮುವ ಬೀಗರ ಫೋಟೋ ತೆಗೆದಿರುತ್ತೇನೆ.

ಸಿಂದಗಿಯಲ್ಲಿ ಒಬ್ಬ ಮಾಸ್ತರರು ಮಗಳ ಮದುವೆಯಲ್ಲಿ ಇಡೀ ಮನೆತನವನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು, ಶಾಲೆಯ ಪ್ರಾರ್ಥನೆಗೆ ನಿಲ್ಲಿಸಿದಂತೆ. ಸಾಲು ಸರಿಹೋಗುವಷ್ಟರಲ್ಲಿ ಒಂದು ನಾಯಿ ಅಡಿಗೆಯ ಕಡೆಯಿಂದ ಭಜಿಯ ಬುಟ್ಟಿಯನ್ನೇ ಕಚ್ಚಿಕೊಂಡು ಓಡಿತು. ಸಾಲು ಒಡೆದು ಎಲ್ಲರೂ ಅದರ ಹಿಂದೆ ಓಡಿದರು. ಮಾಸ್ತರರು ಎಲ್ಲರಿಗಿಂತ ಮುಂದೆ. ನಾನು ತೆಗೆದೆ. ಆಮೇಲೆ ಅವರು ಆ ಫೋಟೋ ನೋಡಿ, "ಇದರಾಗ ನನ್ನ ಮಾರೀನ ಕಾಣವಲ್ದಲ್ಲೋ" ಎಂದರು. "ಬೆನ್ನ ಕಾಣತೈತಲ್ರಿ ಸರ, ಬೆನ್ನ ನಿಮ್ದ ಐತಿ" ಎಂದೆ. ಬೈದರು. ಈಗ ಅವರ ಮೊಬೈಲ್ ತೆರೆದರೆ ಮೊದಲು ಬರುವುದು ಆ ಬೆನ್ನೇ. ಇಂಥ ಬೆನ್ನುಗಳಿಂದಲೇ ನಾಲ್ಕು ತಾಲೂಕಿನಲ್ಲಿ ನನ್ನ ಹೆಸರು ನಡೆಯುತ್ತಿದೆ. ಸೊಕ್ಕು ಅನ್ನಿ, ನನಗೆ ಬೇಸರವಿಲ್ಲ.

ಆದರೆ ಆ ಸೊಕ್ಕಿಗೆ ಗೊಳಸಂಗಿಯಲ್ಲಿ ಒಂದು ಸಲ ಸರಿಯಾಗಿ ಪೆಟ್ಟು ಬಿತ್ತು. ಅದನ್ನು ಹೇಳದೆ ಬರೀ ನಾಯಿಯ ಕತೆ ಹೇಳಿ ಹೋದರೆ ನಿಮಗೆ ಮೋಸ ಮಾಡಿದಂತೆ.

ನಮ್ಮ ಮದುವೆಗಳಲ್ಲಿ ಆಯೇರಿ ಅಂತ ಒಂದಿದೆ. ಅಕ್ಕಿಕಾಳು ಬಿದ್ದ ಮೇಲೆ ಬಂಧುಗಳು ಒಬ್ಬೊಬ್ಬರಾಗಿ ಬಂದು ಮದುವೆಯ ಮನೆಯವರಿಗೆ ಸೀರೆ, ಧೋತರ, ರುಮಾಲು ಕೊಡುತ್ತಾರೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ. ಕೊಡುವವರ ಕೈ, ಇಸಕೊಳ್ಳುವವರ ಕೈ, ನಡುವೆ ಬಟ್ಟೆಯ ಒಂದು ಪಾಕೀಟು; ಅಷ್ಟರಲ್ಲಿ ಫೋಟೋ ಆಗಬೇಕು. ಫೋಟೋ ಆಗುವವರೆಗೆ ಪಾಕೀಟನ್ನು ಇಬ್ಬರೂ ಬಿಡುವುದಿಲ್ಲ. ನನಗೆ ಇದು ಮೊದಲಿನಿಂದಲೂ ತಲೆಬೇನೆ. ನೂರು ಪಾಕೀಟು, ಇನ್ನೂರು ಕೈ. ಹಾಗಾಗಿ ಗೊಳಸಂಗಿಯ ಮದುವೆಗೆ ಒಪ್ಪಿಕೊಳ್ಳುವಾಗಲೇ ಮದುಮಗಳ ತಂದೆಗೆ ಹೇಳಿದ್ದೆ, ಸಾಲು ನಿಲ್ಲಿಸುವ ಫೋಟೋ ನಾನು ತೆಗೆಯುವುದಿಲ್ಲ ಎಂದು. ಅವರು ಎಲ್ಲಕ್ಕೂ ಹೂಂ ಅಂದು ಕೊನೆಗೆ, "ಆಯೇರಿ ಒಂದು ಮಾತ್ರ ಬಿಡಬ್ಯಾಡಪಾ. ಅದರಾಗೂ ನಮ್ಮ ಹೆಂಡ್ತಿ ತಮ್ಮನ ಆಯೇರಿ" ಎಂದಿದ್ದರು. ನಾನೂ ಹೂಂ ಅಂದಿದ್ದೆ.

ಅವರ ಹೆಂಡತಿ ಕಮಲವ್ವ. ಆಕೆಯ ತಮ್ಮ ಸಿದ್ದಪ್ಪ, ಚಡಚಣದಲ್ಲಿ ದ್ರಾಕ್ಷಿ ಬೆಳೆಯುವವರು. ಅಕ್ಕ ತಮ್ಮನಿಗೆ ಆರು ವರ್ಷ ಮಾತಿರಲಿಲ್ಲ, ಅದೂ ಒಂದು ಸೀರೆಯಿಂದ. ಸಿದ್ದಪ್ಪನವರ ಹೊಸ ಮನೆಯ ಪ್ರವೇಶಕ್ಕೆ ಕಮಲವ್ವ ತಮ್ಮನ ಹೆಂಡತಿ ಶಾಂತವ್ವನಿಗೆ ಒಂದು ಇಳಕಲ್ ಸೀರೆ ಕೊಟ್ಟಿದ್ದಳು. ಸೆರಗಿನ ಗೊಂಡೆಗಳನ್ನು ತಾನೇ ಕೂತು ಕಟ್ಟಿದ್ದಳು. ಶಾಂತವ್ವ ಆ ಸೀರೆಯನ್ನು ಬಿಚ್ಚಿಯೂ ನೋಡದೆ ಬೇರೆ ಯಾರಿಗೋ ಆಯೇರಿ ಮಾಡಿದಳು. ಕೈಯಿಂದ ಕೈಗೆ ದಾಟಿದ ಆ ಸೀರೆ ಎಂಟು ತಿಂಗಳ ಮೇಲೆ ಮುದ್ದೇಬಿಹಾಳದಲ್ಲಿ ಬಸುರಿಯೊಬ್ಬಳ ಕುಬಸದ ದಿನ ಕಮಲವ್ವನ ಮಡಿಲಿಗೇ ಬಂದು ಬಿತ್ತು. ತನ್ನ ಕೈಯ ಗೊಂಡೆ ತನಗೆ ಗುರುತು ಸಿಗದೆ ಇರುತ್ತದೆಯೇ? ಅಂದಿನಿಂದ ಎರಡೂ ಮನೆಯ ನಡುವೆ ಹೋಗಿಬರುವುದು ನಿಂತಿತ್ತು. ಮಗಳ ಮದುವೆಗೆ ಕಮಲವ್ವ ತಾನೇ ಹೋಗಿ ತಮ್ಮನನ್ನು ಕರೆದಿದ್ದಳು. ಶಾಂತವ್ವ ನಾಚಿಕೆಯಿಂದ ಬರಲಿಲ್ಲ. ಸಿದ್ದಪ್ಪ ಒಬ್ಬರೇ ಬೈಕ್ ಮೇಲೆ ಬಂದಿದ್ದರು, ಹೊಟ್ಟೆಗೆ ಒಂದು ಪಾಕೀಟು ಅವಚಿಕೊಂಡು.

ಮದುವೆ ಅವರ ಹೊಲದಲ್ಲೇ, ಚೆನ್ನಾಗಿಯೇ ನಡೆಯಿತು. ಆಯೇರಿ ಶುರುವಾಗಿ ಅರ್ಧ ತಾಸಾಗಿತ್ತು. ಮದುಮಕ್ಕಳಿಗೆ ಅಷ್ಟು ಹೊತ್ತು ಬಿಡುವು ಕೊಟ್ಟು ಬೇವಿನ ಗಿಡದ ಕೆಳಗೆ ಕೂಡಿಸಿದ್ದರು. ಮದುಮಗನ ಹಣೆಗೆ ಕಟ್ಟಿದ ಬಾಸಿಂಗದ ದಾರ ಕಡಿಯುತ್ತಿತ್ತೇನೋ, ಮುಖ ಹಿಂಡುತ್ತಿದ್ದ. ಕೈ ಎತ್ತಿ ಕೆರೆದುಕೊಳ್ಳಲು ನಾಚಿಕೆ. ಮದುಮಗಳು ಆಚೀಚೆ ನೋಡಿ, ಜಡೆಯಿಂದ ಒಂದು ಪಿನ್ನು ತೆಗೆದು, ಬಾಸಿಂಗದ ಒಳಗೆ ತೂರಿಸಿ, ಮೆಲ್ಲಗೆ ಕೆರೆದಳು. ಅವನು ಕಣ್ಣು ಮುಚ್ಚಿದ. ಎತ್ತಿನ ಗಂಗೆದೊಗಲು ತುರಿಸಿದಾಗ ಎತ್ತು ಮುಚ್ಚುತ್ತದಲ್ಲ, ಹಾಗೆ. ನಾನು ಹಂದರ ಬಿಟ್ಟು ಅತ್ತ ಓಡಿದೆ, ನೆಲಕ್ಕೆ ಮೊಣಕಾಲೂರಿ ಏಳೆಂಟು ಫೋಟೋ ತೆಗೆದೆ. ಮೈಕಿನಲ್ಲಿ ಯಾರದೋ ಹೆಸರು ಕೂಗಿದ್ದು ಕೇಳಿಸಿತು. ಇನ್ನೊಂದು ಪಾಕೀಟು, ಹೋಗಲಿ ಅಂದುಕೊಂಡೆ.

ತಿರುಗಿ ಬಂದಾಗ ಸಿದ್ದಪ್ಪನವರು ನನಗಾಗಿಯೇ ಕಾಯುತ್ತಿದ್ದರು.

"ನಂದು ಬಂತೇನೋ ಫೋಟೋ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ರಿ. ನಾ ಇಲ್ಲಿ ಇರಲಿಲ್ರಿ. ತಪ್ಪ ನಂದೈತಿ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆರು ವರ್ಷ ಮಂದಿ ಏನಂದ್ರು ಗೊತ್ತೈತೇನು? ಸಿದ್ದಪ್ಪನ ಮನ್ಯಾಗ ಸೀರಿ ಉಡೂದಿಲ್ಲ, ದಾಟಸ್ತಾರ ಅಂದ್ರು. ಇವತ್ತ ಹೊಸಾದು ತಂದು ಎಲ್ಲಾರ ಮುಂದ ಕೊಟ್ಟೆ. ನಾಳೆ ಆಲ್ಬಮ್ ನೋಡಿದವ್ರು ಏನಂತಾರ? ಸಿದ್ದಪ್ಪ ಬಂದ, ಉಂಡ, ಹೋದ."

"ಇನ್ನೊಮ್ಮಿ ಕೊಟ್ಟಂಗ ಮಾಡ್ರಿ ಮಾಮಾ, ತಗೀತೇನಿ" ಎಂದೆ.

ಪಕ್ಕದಲ್ಲಿದ್ದ ಒಬ್ಬ ಮುದುಕಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಕೊಟ್ಟ ಆಯೇರಿ ತಿರುಗಿ ಮುಟ್ತಾರೇನೋ ಭಾಡ್ಯಾ? ತವರು ಕೊಟ್ಟದ್ದು ಕಸಗೊಂಡಂಗ ಆಕೈತಿ. ನಿಮ್ಮವ್ವ ಇಷ್ಟೂ ಹೇಳಿಲ್ಲೇನು?"

ಹೇಳಿದ್ದಳು. ನಾನೇ ಮರೆತಿದ್ದೆ. ಅದೂ ಅಲ್ಲದೆ ಸೀರೆ ಆಗಲೇ ಅಲ್ಲಿರಲಿಲ್ಲ. ತವರಿನ ಸೀರೆಯನ್ನು ಇಸಕೊಂಡ ಕೂಡಲೇ ಉಡಬೇಕು. ಹೆಣ್ಣುಮಕ್ಕಳು ಕಮಲವ್ವನನ್ನು ಪಂಪಿನ ಕೋಣೆಗೆ ಕರೆದುಕೊಂಡು ಹೋಗಿದ್ದರು.

ಸಿದ್ದಪ್ಪ ಬೈಕ್ ಕಡೆ ನಡೆದರು. ಊಟದ ಸಾಲಿನವರು ಕೂಗಿದರು, ತಿರುಗಿ ನೋಡಲಿಲ್ಲ. ನಮ್ಮಲ್ಲಿ ಬಡಿದಾಡಿದ ಮೇಲೂ ಉಂಡು ಹೋಗುತ್ತಾರೆ. ಅಕ್ಕನ ಮಗಳ ಮದುವೆಯಲ್ಲಿ ಸೋದರಮಾವ ಉಣ್ಣದೆ ಹೋದರೆ ಮುಗಿಯಿತು, ಮತ್ತೆ ಆರು ವರ್ಷವಲ್ಲ, ಅರವತ್ತು ವರ್ಷ. ಒಂದು ಪಿನ್ನಿನ ಫೋಟೋಗಾಗಿ ಒಂದು ತವರು ಮುರಿದೆನಲ್ಲ ಅನಿಸಿತು. ಓಡಿ ಹೋಗಿ ಪಂಪಿನ ಕೋಣೆಯ ಬಾಗಿಲಲ್ಲಿ ನಿಂತು ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

ಕಮಲವ್ವ ಹೊರಗೆ ಬಂದಳು. ಹಸಿರು ಸೀರೆ, ಕೆಂಪು ಸೆರಗು. ಅಡಿಗೆಯ ಹತ್ತಿರ ಒಂದು ತಾಟು ತೆಗೆದುಕೊಂಡು, ಹುಗ್ಗಿ ಹಾಕಿಸಿ, ಮೇಲೆ ತುಪ್ಪ ಸುರಿಸಿಕೊಂಡು, ಹೊಲದ ಬದುವಿನ ಮೇಲೆ ನೇರವಾಗಿ ತಮ್ಮನ ಬೈಕಿನ ಮುಂದೆ ಹೋಗಿ ನಿಂತಳು. ನಾನು ಹಿಂದೆ.

"ಎಲ್ಲಿಗೆ ಹೊಂಟಿ?"

"ಫೋಟೋ ಬಂದಿಲ್ಲಕ್ಕಾ. ನಾ ಕೊಟ್ಟದ್ದಕ್ಕ ಏನ ಪುರಾವೆ?"

"ನಿನ್ನ ಮನಿ ಪ್ರವೇಶದಾಗ ನಾ ಕೊಟ್ಟದ್ದು ಫೋಟೋ ಬಂದಿತ್ತಲ್ಲೋ ತಮ್ಮಾ. ನಿಮ್ಮ ಆಲ್ಬಮ್‌ನ್ಯಾಗ ಇವತ್ತಿಗೂ ಐತಿ. ಅದರಾಗ ಪಾಕೀಟ ಐತಿ, ಸೀರಿ ಎಲ್ಲೈತಿ?"

ಸಿದ್ದಪ್ಪ ಬೈಕಿನ ಹ್ಯಾಂಡಲ್ ಬಿಟ್ಟರು.

"ಈಗ ನೋಡು. ಉಟ್ಟೇನಿ. ಇದಕ್ಕಿಂತ ಪುರಾವೆ ಬೇಕೇನು?"

ಅವರು ನೋಡಿದರು. ತಲೆಯಿಂದ ನೋಡುತ್ತಾ ಬಂದವರ ಕಣ್ಣು ಸೆರಗಿನ ತುದಿಯಲ್ಲಿ ನಿಂತಿತು. ಗಡಿಬಿಡಿಯಲ್ಲಿ ಉಟ್ಟ ಸೀರೆ; ಅಂಗಡಿಯ ಚೀಟಿ ದಾರದ ಸಮೇತ ಅಲ್ಲೇ ಜೋತಾಡುತ್ತಿತ್ತು.

"ನೋಡಕ್ಕಾ, ಚೀಟಿ ಐತಿ" ಎಂದರು, ಗೆದ್ದವರ ಹಾಗೆ. "ಚಡಚಣದ ಅಂಗಡೀದು. ದಾಟಿಸಿದ ಸೀರಿಗೆ ಚೀಟಿ ಇರತೈತೇನು?"

"ಚೀಟಿ ಯಾರಿಗೆ ಬೇಕೋ. ಕಿತ್ತ ಒಗಿ. ಇದನ್ನ ಜೋತಾಡಿಸ್ಕೊಂತ ಬೀಗರ ಮುಂದ ಅಡ್ಡಾಡ್ಲೇನು?"

ಅವರು ಉಗುರಿನಿಂದ ಎಳೆದರು. ದಾರ ಹರಿಯಲಿಲ್ಲ. ಬಗ್ಗಿ, ಅಕ್ಕನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲಿನಿಂದ ಕಚ್ಚಿದರು. ಬಗ್ಗಿದ ತಮ್ಮನ ತಲೆಗೆ ತುಪ್ಪ ಚೆಲ್ಲೀತೆಂದು ಕಮಲವ್ವ ತಾಟನ್ನು ಮೇಲಕ್ಕೆತ್ತಿದಳು.

"ಸೀರಿ ಹರದೀತೋ."

"ನನ್ನ ಹಲ್ಲ ಹೋದ್ರ ನಡೀತೈತಿ, ಹೌದಲ್ಲ?"

"ಅವು ಹೆಂಗಾದ್ರೂ ಹೋಗಾವ."

ಅವಳು ನಕ್ಕಳು. ಅವರು ಹಲ್ಲಿನಲ್ಲಿ ದಾರ ಹಿಡಿದುಕೊಂಡೇ ನಕ್ಕರು. ನಾನು ಒಂದೇ ಒಂದು ಫೋಟೋ ತೆಗೆದೆ. ಎರಡನೆಯದಕ್ಕೆ ಕ್ಯಾಮೆರಾ ಎತ್ತುವಷ್ಟರಲ್ಲಿ ಅವರು ನಿಂತಲ್ಲೇ ಹುಗ್ಗಿ ತಿನ್ನತೊಡಗಿದ್ದರು. ಕಮಲವ್ವ ನನ್ನ ಕಡೆ ತಿರುಗಿ, "ನೀನೂ ಹೋಗಿ ಉಣ್ಣೋ, ಹೆದರಿ ಒಣಗೀದಿ" ಎಂದಳು.

ಒಂಬತ್ತು ವರ್ಷದಲ್ಲಿ ನಾನು ತೆಗೆದ ಫೋಟೋಗಳನ್ನೆಲ್ಲ ಒಂದು ಕಡೆ ಹಾಕಿ, ಇದನ್ನು ಒಂದು ಕಡೆ ಇಟ್ಟರೆ ನನಗೆ ಇದೊಂದೇ ಸಾಕು. ಇದನ್ನು ಹೇಳುವಾಗ ನಾನು ಗದ್ದ ಮೇಲೆತ್ತುತ್ತೇನೆ, ಯಾರೂ ಹೇಳಬೇಕಾಗಿಲ್ಲ. ಆದರೂ ಆವತ್ತಿನಿಂದ ಆಯೇರಿಯ ಹೊತ್ತಿಗೆ ಹಂದರ ಬಿಟ್ಟು ಅಲ್ಲಾಡುವುದಿಲ್ಲ. ಆ ಇನ್ನೂರು ಕೈಗಳಲ್ಲಿ ಯಾವ ಎರಡು ಕೈ ಆರು ವರ್ಷದ ಮೇಲೆ ಒಂದನ್ನೊಂದು ಮುಟ್ಟುತ್ತಿವೆಯೋ ನನಗೇನು ಗೊತ್ತು? ಪಾಕೀಟುಗಳೆಲ್ಲ ಒಂದೇ ತರಹ ಕಾಣುತ್ತವೆ, ಅಷ್ಟೇ. ಬೇಸರ ಈಗಲೂ ಆಗುತ್ತದೆ. ಬೇಸರಪಟ್ಟುಕೊಂಡೇ ತೆಗೆಯುತ್ತೇನೆ.

ಸಿದ್ದಪ್ಪನವರು ಆ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಚಡಚಣಕ್ಕೆ ತಂದುಕೊಡು ಎಂದರು. ಒಯ್ದೆ. ಅವರು ತೋಟಕ್ಕೆ ಹೋಗಿದ್ದರು, ಶಾಂತವ್ವ ಒಬ್ಬಳೇ ಇದ್ದಳು. ಸುತ್ತಿದ ಪೇಪರನ್ನು ನಿಧಾನವಾಗಿ ಬಿಚ್ಚಿದಳು. ಗಂಡನ ಬಾಯಲ್ಲಿ ಸೆರಗು, ನಾದಿನಿಯ ಕೈಯಲ್ಲಿ ಎತ್ತಿದ ತಾಟು. ಬಹಳ ಹೊತ್ತು ನೋಡಿದಳು. ಇಡೀ ಜಗಳದ ಬೇರು ಇವಳೇ ಎಂದು ನನಗೆ ಗೊತ್ತು, ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತು. ಅವಳು ಕೊಟ್ಟ ಚಹಾದ ಕಪ್ಪನ್ನೇ ನೋಡುತ್ತಾ ಕುಳಿತೆ.

"ಎಲ್ಲೆ ಹಾಕೂದ್ರಿ ಇದನ್ನ?" ಎಂದೆ ಕೊನೆಗೆ. "ಒಳಗ ಮಲಗೂ ಕ್ವಾಣ್ಯಾಗ?"

"ಇಲ್ಲ. ಬಾಗಲಾ ದಾಟಿದ ಕೂಡ್ಲೆ ಕಾಣಬೇಕು, ಅಲ್ಲೆ ಹೊಡಿ ಮೊಳಿ. ಬರೂ ಸೋಮಾರ ನಮ್ಮ ನಾದಿನಿ ಬರ್ತಾಳ."

"ಬಂದ ಮಂದಿ ಎಲ್ಲಾ ಕೇಳ್ತಾರ್ರಿ ಯಕ್ಕಾ, ಮಾಮಾ ಯಾಕ ಸೀರಿ ಕಡ್ಯಾಕತ್ತಾರ ಅಂತ."

"ಕೇಳ್ಲಿ" ಎಂದಳು ಶಾಂತವ್ವ. ಸೆರಗಿನಿಂದ ಗಾಜನ್ನು ಒಂದು ಸಲ ಒರೆಸಿದಳು. "ಸೀರಿ ದಾಟಿಸಿದಾಕಿ ನಾನ ಅಂತ ಹೇಳ್ತೇನಿ."

ಮೊಳೆ ಹೊಡೆಯುವುದು ನನ್ನ ಕೆಲಸವಲ್ಲ. ಅವಳ ಕೈಯಿಂದ ಸುತ್ತಿಗೆ ಇಸಕೊಂಡು, ಬಾಗಿಲಿಗೆ ಎದುರಾಗಿ, ನಾನೇ ಹೊಡೆದೆ.