ಕುಣಿಕೆಯಾದ ವಿಷದ ತುಣುಕು

ನನ್ನ ಹೆಂಡತಿಗೆ ನಾನಿಟ್ಟ ಹೆಸರು ಗೋಂದಮ್ಮ. ಪ್ರಯೋಗಾಲಯದಲ್ಲಿ ಅವಳ ಕೆಲಸವೇ ಅಂಟಿಸುವುದು. ಗಂಟಲಮಾರಿ, ಅಂದರೆ ಡಿಫ್ತೀರಿಯಾ ರೋಗದ ಬ್ಯಾಕ್ಟೀರಿಯಾ ಒಂದು ವಿಷ ಕಕ್ಕುತ್ತದೆ. ಆ ವಿಷದ ಪುಟ್ಟ ತುಣುಕನ್ನು, ಅದಕ್ಕೆ ಪೆಪ್ಟೈಡ್ ಅನ್ನುತ್ತಾರೆ, ದೊಡ್ಡದೊಂದು ಪ್ರೋಟೀನಿಗೆ ಅಂಟಿಸಿ ಇಲಿಗೆ ಚುಚ್ಚುತ್ತಾರೆ. ತುಣುಕು ಒಂದೇ ಹೋದರೆ ಇಲಿಯ ಮೈ ಕ್ಯಾರೇ ಅನ್ನುವುದಿಲ್ಲ. ದೊಡ್ಡವರ ಜೊತೆ ಬಂದರೆ ತಾನೇ ಯಾರಿಗಾದರೂ ಮರ್ಯಾದೆ! ಆಮೇಲೆ ಇಲಿಯ ರಕ್ತದಲ್ಲಿ ಆ ತುಣುಕನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳು ಹುಟ್ಟುತ್ತವೆ.

ಪ್ರತಿಕಾಯಕ್ಕೆ ಎರಡು ತೋಳು, ಒಂದೊಂದರ ತುದಿಯಲ್ಲೂ ಸಣ್ಣ ಗುಳಿ. ವಿಷದ ಉಬ್ಬುತಗ್ಗು ಆ ಗುಳಿಯಲ್ಲಿ ಸರಿಯಾಗಿ ಕೂರಬೇಕು. ಇತ್ತ ಧನ ವಿದ್ಯುದಾವೇಶವಿದ್ದರೆ ಅತ್ತ ಋಣ ಇರಬೇಕು, ನಡುವಿನ ನೀರು ಜಾಗ ಖಾಲಿ ಮಾಡಬೇಕು. ಒಂದೊಂದು ಸೆಳೆತವೂ ಬಡಕಲು. ಎಲ್ಲ ಸೇರಿದರೆ ಬಿಡೆಂದರೂ ಬಿಡದ ಹಿಡಿತ. ನಾನು ದರ್ಜಿ, ಅಳತೆಯ ವಿಷಯ ನನಗೂ ಗೊತ್ತು ಎಂದು ಜಂಬ ಕೊಚ್ಚಿದರೆ ಅವಳು ನಗುತ್ತಾಳೆ.

ಈ ಹುಚ್ಚು ಅವಳಿಗೆ ಹಿಡಿದದ್ದು ತಮ್ಮನಿಂದ. ಚಿಕ್ಕವನಿದ್ದಾಗ ಅವನಿಗೆ ಗಂಟಲಮಾರಿ ಬಂದು, ಕುದುರೆಯ ರಕ್ತದಿಂದ ತೆಗೆದ ಮದ್ದು ಕೊಟ್ಟರು. ಅದು ಮೈಗೆ ಒಗ್ಗದೆ ಊದಿಕೊಂಡು, ಉಸಿರು ಕಟ್ಟಿ, ಸಾವಿನ ಬಾಗಿಲು ತಟ್ಟಿ ವಾಪಸು ಬಂದ. ಮಕ್ಕಳ ಮೈಗೆ ಒಗ್ಗುವ ಮದ್ದು ಬೇಕು ಅನ್ನುವುದು ಅಂದಿನಿಂದ ಅವಳ ಹಟ. ಮೊದಲು ಇಲಿಯಲ್ಲಿ ಸರಿಯಾದ ಹಿಡಿತ ಸಿಗಬೇಕು, ಆಮೇಲೆ ಅದನ್ನು ಮನುಷ್ಯರಿಗೆ ಹೊಂದಿಸುವುದು.

ಕೊನೆಗೂ ಪರೀಕ್ಷೆಯ ತಟ್ಟೆ ಹಳದಿಗೆ ತಿರುಗಿತು. ಹಳದಿ ಅಂದರೆ ಪ್ರತಿಕಾಯ ಹಿಡಿದಿದೆ ಎಂದರ್ಥ. ಅಲ್ಲಿಯ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಕೇಕ್ ತರಿಸಿದರು. ಎಲ್ಲರೂ ತಿನ್ನುತ್ತಿದ್ದಾಗ ನನ್ನ ಹೆಂಡತಿ ಮಾತ್ರ ಇನ್ನೊಂದು ತಟ್ಟೆ ತೆಗೆದುಕೊಂಡು ಕೂತಳು. ಚುಚ್ಚಿದ ತುಣುಕಿನ ಮೇಲೇ ಪರೀಕ್ಷೆ ಮಾಡುವುದು ಅವರ ರೂಢಿ, ಹೇಳಿಕೊಟ್ಟ ಪ್ರಶ್ನೆಯನ್ನೇ ಪರೀಕ್ಷೆಯಲ್ಲಿ ಕೇಳಿದ ಹಾಗೆ. ಇವಳು ಇಡೀ ವಿಷವನ್ನೇ ಇಟ್ಟು ನೋಡಿದಳು. ತಟ್ಟೆ ನೀರಿನಂತೆ ತಿಳಿಯಾಗಿಯೇ ಉಳಿಯಿತು.

ಸಂಜೆ ಅವಳ ಮುಖ ನೋಡಿ ನನಗೆ ಸಿಟ್ಟು ಬಂತು. "ಬಾಯಿ ಮುಚ್ಚಿಕೊಂಡು ಕೇಕ್ ತಿನ್ನೋಕೆ ಏನೇ ಕಷ್ಟ ನಿಂಗೆ?"

"ನನ್ನ ತಮ್ಮನ ಗಂಟಲಲ್ಲಿ ಇದ್ದದ್ದು ತುಣುಕಲ್ಲ ರೀ, ಇಡೀ ವಿಷ," ಅಂದಳು.

ಮರುದಿನ ಆ ತಿಳಿ ತಟ್ಟೆ ನೋಡಿ ದೊಡ್ಡ ಮೇಡಂ ಮುಖ ಗಂಟಿಕ್ಕಿದರು. ಇನ್ನೊಂದು ಅವಕಾಶ, ಅಷ್ಟೇ. ಈ ಸಲವೂ ಆಗದಿದ್ದರೆ ಕೆಲಸ ನಿಲ್ಲುತ್ತದೆ, ಕೋಣೆ ಬೇರೆಯವರಿಗೆ ಹೋಗುತ್ತದೆ. ಗೋಂದಮ್ಮ ಊಟದ ತಟ್ಟೆಯ ಮುಂದೆಯೂ ವಿಷದ ಚಿತ್ರ ತಿರುಗಿಸಿ ತಿರುಗಿಸಿ ನೋಡಿದಳು. ಇವಳು ಆರಿಸಿದ್ದ ತುಣುಕು ವಿಷವು ಜೀವಕೋಶಕ್ಕೆ ಕಚ್ಚಿಕೊಳ್ಳುವ ಭಾಗ, ಇಡೀ ವಿಷದಲ್ಲಿ ಅದು ಕುಣಿಕೆಯ ಹಾಗೆ ಬಾಗಿತ್ತು. ಇವಳು ಅಂಟಿಸಿದ್ದು ಒಂದು ತುದಿ ಮಾತ್ರ, ಉಳಿದದ್ದು ದಾರದಂತೆ ಜೋತಾಡುತ್ತಿತ್ತು. ಇಲಿ ಪಾಪ, ಜೋತಾಡುವ ದಾರ ಹಿಡಿಯಲು ಕಲಿತಿತ್ತು. ಈ ಸಲ ಎರಡೂ ತುದಿ ಸೇರಿಸಿ ಕಟ್ಟಿ, ಬಾಗಿದ ತುಣುಕನ್ನೇ ಅಂಟಿಸಿದಳು. ಆಮೇಲೆ ವಾರಗಟ್ಟಲೆ ಕಾಯುವುದು. ಅಷ್ಟು ದಿನವೂ ಮನೆಯಲ್ಲಿ ಸಾರಿಗೆ ಉಪ್ಪಿದ್ದರೆ ಅದೃಷ್ಟ.

ಒಂದು ರಜೆಯ ಬೆಳಿಗ್ಗೆ ನನ್ನನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಮೊದಲ ಗಾಜಿನಲ್ಲಿ ವಿಷ ಹಾಕಿದ ಕೋಶಗಳು ಮುದುಡಿ, ಬುಡ ಬಿಟ್ಟು ತೇಲುತ್ತಿದ್ದವು. ಅವಳು ಗಾಜು ಬದಲಿಸಿದಳು. ಇಲ್ಲಿ ಕೋಶಗಳು ಕಾಲು ಚಾಚಿ ಹಾಯಾಗಿ ಮಲಗಿದ್ದವು.

"ಇದಕ್ಕೆ ವಿಷ ಹಾಕಿಲ್ಲ, ಅಲ್ವಾ?" ಅಂದೆ.

"ಹಾಕಿದ್ದೀನಿ. ಅಷ್ಟೇ ಹಾಕಿದ್ದೀನಿ. ಜೊತೆಗೆ ನಮ್ಮ ಪ್ರತಿಕಾಯ." ಅವಳು ಗಾಜಿನತ್ತ ಬೆರಳು ತೋರಿಸಿದಳು. "ವಿಷ ಅಲ್ಲೇ ಸುತ್ತಮುತ್ತ ಇದೆ ರೀ. ಹಿಡಿದು ಕೂರಿಸಿಬಿಟ್ಟಿವೆ."

ನಾನು ಮತ್ತೆ ಕಣ್ಣಿಟ್ಟೆ. ಆ ವಿಷದ ನಡುವೆ ಒಂದು ಕೋಶ ನಡು ಸಣ್ಣಗೆ ಮಾಡಿಕೊಂಡು, ಯಾರ ಹಂಗೂ ಇಲ್ಲದೆ ಎರಡಾಗುತ್ತಿತ್ತು.