ಸುಟ್ಟ ಮಡಕೆ

ಮೊನ್ನೆ ದಿಂಬು ಎತ್ತಿದರೆ ಅಡಿಯಲ್ಲಿ ಬೇವಿನ ಸೊಪ್ಪು. ನನಗೆ ಡೆಂಗ್ಯೂ ಎಂದು ಗೊತ್ತಾದ ದಿನ ಅವ್ವ ಇಟ್ಟದ್ದು. ಬಾಡಿದ ಎಲೆಯ ಆ ಕಹಿ ವಾಸನೆಗೆ ಎದುರುಮನೆಯ ಅಕ್ಕ ನೆನಪಾಗಿ ಮತ್ತೆ ನಮ್ಮ ನಡುಮನೆಗೆ ಬಂದಳು... ಕರೆಯದೆ, ಯಾವಾಗಲೂ ಬರುತ್ತಿದ್ದ ಹಾಗೆ.

ಹಸಿರು ಸೀರೆ ಉಟ್ಟಿದ್ದಳು ಎಂದು ಬರೆದು ಹೊಡೆದು ಹಾಕಿದೆ. ಹಸಿರೋ ಅಲ್ಲವೋ ನನಗೆ ಗೊತ್ತಿಲ್ಲ. ಸೊಪ್ಪಿನ ಬಣ್ಣ ಸೀರೆಗೆ ಹತ್ತಿರಬೇಕು. ಅವಳ ಮೇಲಿನ ನನ್ನ ಹೊಟ್ಟೆಕಿಚ್ಚು ಮಾತ್ರ ಬಣ್ಣ ಕೆಡದೆ ಉಳಿದಿದೆ.

ಗಂಜಾಂನ ನಮ್ಮ ಬೀದಿಯಲ್ಲಿ, ಮೈಮೇಲೆ ಅಮ್ಮ, ಅಂದರೆ ಸೀತಾಳೆ ಸಿಡುಬು, ಎದ್ದವರ ಆರೈಕೆಗೆ ಹಿಂದೆ ಅಮ್ಮ ಎದ್ದು ಗುಣವಾದವರನ್ನೇ ಕರೆಯುವುದು ವಾಡಿಕೆ. ಅವರಿಗೆ ಮತ್ತೆ ಬರುವುದಿಲ್ಲವಲ್ಲ. ಅವ್ವನಿಗೆ ಜ್ವರ ಬಂದ ಆ ವರ್ಷ ಡೆಂಗ್ಯೂ ಹಬ್ಬಿದಾಗಲೂ ಬೀದಿಯವರು ಹಾಗೇ ಮಾಡಿದರು. ಅಕ್ಕನಿಗೆ ಅದಕ್ಕೂ ಕೆಲವು ವರ್ಷ ಮೊದಲೇ ಡೆಂಗ್ಯೂ ಬಂದು ಹೋಗಿತ್ತು. ಹೀಗಾಗಿ ಅವ್ವ ಮಲಗಿದಾಗ ಅವಳು ಒಳಗೆ, ನಾನು ಹೊಸ್ತಿಲಾಚೆ.

“ನೀ ಅತ್ಲಾಗಿರಮ್ಮಿ. ನೀನಿನ್ನೂ ಅಸಿ ಮಡಕೆ. ನಾನು ಸುಟ್ಟಿರೋದು, ಏನೂ ಆಗಕಿಲ್ಲ” ಅನ್ನುತ್ತಿದ್ದಳು ಅಕ್ಕ.

ನನ್ನ ಅವ್ವನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದದ್ದು ಅವಳು. ಹಗಲೆಲ್ಲ ಮಗ್ಗುಲಲ್ಲಿ ಕೂತಿರುತ್ತಿದ್ದದ್ದೂ ಅವಳೇ. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ನಾನು ಇಣುಕಿದರೆ ನಗು ನಿಲ್ಲುತ್ತಿತ್ತು... ಅಥವಾ ನಾನು ಹಾಗೆಂದುಕೊಂಡೆ. ಒಮ್ಮೆ ಹಟ ಮಾಡಿ ಗಂಜಿ ನಾನೇ ಕಾಯಿಸಿ ಕೊಟ್ಟೆ. ಅವ್ವ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

“ಗಂಜಿಯೇನೇ ಇದು? ಗೋಡೆಗೆ ಬಳಿಯೋ ಸುಣ್ಣ. ಅವಳ್ನೇ ಕರಿ ಅತ್ಲಾಗೆ.”

ಅಷ್ಟರಲ್ಲಿ ಒಳಗೆ ಬಂದ ಅಕ್ಕ ನಕ್ಕುಬಿಟ್ಟಳು. ನನಗೂ ಒಮ್ಮೆ ಆ ಜ್ವರ ಬರಬಾರದೇ ಅನ್ನಿಸಿತು. ಸುಟ್ಟುಕೊಂಡರೆ ನಾನೂ ಒಳಗೆ ಹೋಗಬಹುದಿತ್ತು.

ಅವ್ವ ಎದ್ದು ಓಡಾಡತೊಡಗಿದ ಮೇಲೆ ಅಕ್ಕ ಜ್ವರ ಬಂದು ಮಲಗಿದಳು. ಡೆಂಗ್ಯೂ ಎಂದು ಯಾರೂ ಎಣಿಸಲಿಲ್ಲ, ಅವಳೂ ಕೂಡ. ಜ್ವರ ಇಳಿದ ಬೆಳಿಗ್ಗೆ ನಮ್ಮ ಜಗಲಿಗೆ ಬಂದು ಕೂತಳು. “ಜ್ವರ ಬುಡ್ತು ಕಣವ್ವ, ಒಟ್ಟೆ ಮಾತ್ರ ಇಂಡ್ತದೆ” ಎಂದವಳು ಅಲ್ಲೇ ಕುಸಿದಳು. ಮೈಸೂರಿಗೆ ಕರೆದೊಯ್ದರು. ಉಳಿಯಲಿಲ್ಲ.

ಡೆಂಗ್ಯೂವಿನಲ್ಲಿ ನಾಲ್ಕು ಬಗೆ, ಒಂದು ಬಗೆ ಬಂದು ಹೋದವರಿಗೆ ಇನ್ನೊಂದು ಬಂದರೆ ಮೊದಲಿಗಿಂತ ಜೋರಾಗಬಹುದು, ಜ್ವರ ಇಳಿಯುವ ಹೊತ್ತಲ್ಲೇ ಅಪಾಯ ಹೆಚ್ಚು ಎಂದು ಡಾಕ್ಟರು ಹೇಳಿದ್ದು ಆಮೇಲೆ. ಅವ್ವನನ್ನು ಕಚ್ಚಿದ ಸೊಳ್ಳೆಯೇ ಅವಳನ್ನೂ ಕಚ್ಚಿತೋ... ಯಾರಿಗೆ ಗೊತ್ತು.

ಈಗ ನನಗೂ ಬಂತು. ಅವ್ವ ಹಗಲಲ್ಲೂ ನನ್ನ ಮಂಚಕ್ಕೆ ಸೊಳ್ಳೆಪರದೆ ಕಟ್ಟಿ, ತಾನು ಹೊರಗೆ ಮಣೆ ಹಾಕಿ ಕೂತಿದ್ದಳು.

“ನಿಂಗೂ ಒಂದ್ಸಾರಿ ಬಂದೋಗದೆ. ಇನ್ನೊಂದ್ಸಾರಿ ಬಂದ್ರೆ ಜೋರಾಯ್ತದೆ. ನೀನೂ ಒಳಿಕ್ಕೆ ಬಾರವ್ವ” ಅಂದೆ.

ಬಂದಳು. ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ, ಗಂಜಿ ಊದಿ ಊದಿ ಕುಡಿಸಿದಳು. ಕೊನೆಗೂ ಒಳಗೆ ನಾವಿಬ್ಬರೇ. ಅವ್ವನ ಕೈ ಪರದೆಯನ್ನು ಸವರುತ್ತಲೇ ಇತ್ತು.

“ಆ ಮುಂಡೇದ್ಕೂ ಇಂಗೇ ಒಂದು ಕಟ್ಟಿದ್ರೆ...” ಅಂದಳು.

ನನ್ನ ಜ್ವರದಲ್ಲೂ ಅವ್ವ ಅಕ್ಕನ ಮಗ್ಗುಲಲ್ಲೇ ಕೂತಿದ್ದಳು.