ಮಾವ ಕೊಟ್ಟ ರೂಮು

ಕಾಲೇಜಿನವರು ಆಗಾಗ ಕರೀತಾರೆ. 'ಬರ್ರಿ ಮೇಡಂ, ಹೊಸದಾಗಿ ಕಂಪನಿ ಶುರು ಮಾಡೋ ಹುಡುಗರಿಗೆ ನಾಲ್ಕು ಮಾತು ಹೇಳ್ರಿ.' ನಾನು ಹೋಗಲ್ಲ. ನಾಲ್ಕು ಮಾತು ಹೇಳೋರನ್ನ ಕಂಡರೇ ನನಗಾಗಲ್ಲ. ಹೋದ ಸಲ ಕರೆದವರಂತೂ ನನ್ನ ಪಕ್ಕದ ಕುರ್ಚಿಗೆ ನನ್ನ ಸೋದರಮಾವನನ್ನೂ ಕರೆದಿದ್ದರು, 'ನಿಮಗೆ ಮೊದಲು ಬೆನ್ನು ತಟ್ಟಿದವರಂತಲ್ರಿ' ಅಂತ. ಫೋನ್ ಇಟ್ಟುಬಿಟ್ಟೆ. ನನ್ನ ಮೊದಲ ಕಂಪನಿಯನ್ನ ನುಂಗಿ ನೀರು ಕುಡಿದದ್ದೇ ಆ ಬೆನ್ನು ತಟ್ಟಿದ ಕೈ.

ತೊಂಬತ್ತರ ದಶಕ ಮುಗಿಯೋ ಹೊತ್ತು. ದಾವಣಗೆರೆಯಲ್ಲೇ ಇಂಜಿನಿಯರಿಂಗ್ ಓದಿ, ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳಿ, ಆ ಸಂಬಳ ಕೂಡಿಟ್ಟು ಸ್ವಂತದ್ದೊಂದು ಕಂಪ್ಯೂಟರ್ ತಗೊಂಡಿದ್ದೆ. ಅಪ್ಪ ಇರಲಿಲ್ಲ. ಆನೆಕೊಂಡದ ಮನೆಯಲ್ಲಿ ನಾನು, ಅವ್ವ, ಇಬ್ಬರೇ. ಬಟ್ಟೆ ಅಂಗಡಿಗಳ ಸ್ಟಾಕು ನೋಡಿಕೊಳ್ಳೋ ಸಾಫ್ಟ್‌ವೇರ್ ಬರೆದು ಮಾರಬೇಕು, ನನ್ನ ಹೆಸರಿನ ಬೋರ್ಡು ಹಾಕಬೇಕು, ಅದೊಂದೇ ಹುಚ್ಚು. ಅವ್ವ ಹೋಗಿ ತನ್ನ ತಮ್ಮನ ಕಿವಿಗೆ ಹಾಕಿದಳು. ಮಾವನದು ದೊಡ್ಡ ಬಟ್ಟೆ ಅಂಗಡಿ, ವಿದ್ಯಾನಗರದಲ್ಲಿ ಬಾಡಿಗೆಗೆ ಕೊಡೋ ಮನೆ ಬೇರೆ. ಆ ಮನೆಯ ಮುಂದಿನ ರೂಮಿನ ಬೀಗದ ಕೈ ತಂದು ನನ್ನ ಕೈಗಿಟ್ಟ.

'ಬಾಡಿಗಿ ಗೀಡಿಗಿ ಏನೂ ಬ್ಯಾಡ. ನೀನು ಬೆಳಿಬೇಕು, ಅಷ್ಟ.'

ನನ್ನ ಕಣ್ಣಲ್ಲಿ ನೀರು ಬಂತು. ಥೂ, ಈಗ ಆ ಕಣ್ಣೀರಿನ ಮೇಲೇ ಸಿಟ್ಟು ಬರುತ್ತೆ. ಯಾರಾದರೂ ಪುಕ್ಕಟೆ ರೂಮು ಕೊಡ್ತೀನಿ ಅಂದರೆ, ಯಾಕ ಕೊಡ್ತೀಯಪ್ಪ ಅಂತ ಮೊದಲು ಕೇಳಬೇಕು. ಆ ಬುದ್ಧಿಯನ್ನ ಯಾವ ಕಾಲೇಜಿನಲ್ಲೂ ಕಲಿಸಲ್ಲ.

ಬೀಗದ ಕೈ ಹಿಂದೆಯೇ ಸಲಹೆಗಳು ಬಂದವು. ಮೊದಲನೇದು, ಸ್ಟಾಕಿನ ಸಾಫ್ಟ್‌ವೇರ್ ಬಿಡು ಅನ್ನೋದು. 'ನಮ್ಮ ವ್ಯಾಪಾರಸ್ಥರು ತಮ್ಮ ಸ್ಟಾಕು ಹೆಂಡ್ತಿಗೇ ಹೇಳಲ್ಲ, ನಿನ್ನ ಡಬ್ಬಿಗೆ ಹೇಳ್ತಾರೇನು? ವಧು-ವರರದ್ದು ಮಾಡು. ಮದುವಿ ಮಾರ್ಕೆಟ್ಟು ಯಾವತ್ತೂ ಬೀಳಲ್ಲ.' ಮಾತು ಸರಿ ಅನ್ನಿಸ್ತು. ಅರ್ಧ ಬರೆದದ್ದನ್ನ ಪಕ್ಕಕ್ಕಿಟ್ಟು, ಗಂಡು-ಹೆಣ್ಣಿನ ವಿವರ ಹಾಕಿದರೆ ಜೋಡಿ ಹುಡುಕಿಕೊಡೋ ಪ್ರೋಗ್ರಾಂ ಬರೆದೆ. ಸರಿಯಾಗಿ ಓಡ್ತದೋ ಇಲ್ಲವೋ ನೋಡೋಕೆ ಯಾರದಾದರೂ ವಿವರ ಬೇಕಲ್ಲ, ನನ್ನದೇ ಹಾಕಿದೆ: ವಯಸ್ಸು, ಎತ್ತರ, ಓದು, ಮನೆತನ. ಪ್ರೋಗ್ರಾಂ ಬರೆಯೋರೆಲ್ಲ ಹಂಗೇ ಮಾಡ್ತಾರೆ. ಮಾವ ಅದನ್ನ ನೋಡಿ ಖುಷಿಯಾಗಿಬಿಟ್ಟ. 'ಇದನ್ನ ಪ್ರಿಂಟ್ ತೆಗೆದು ಕೊಡು. ಹರಿಹರದಾಗ ನನ್ನ ಗಿರಾಕಿ ಭಾಳ ಅದಾರೆ, ಸ್ಯಾಂಪಲ್ ಅಂತ ತೋರಿಸ್ತೀನಿ.' ಒಂದು ಕಟ್ಟು ತೆಗೆದುಕೊಟ್ಟೆ. ಕಾಸಿಲ್ಲದೆ ಪ್ರಚಾರ ಮಾಡ್ತಾನೆ, ಪುಣ್ಯಾತ್ಮ ಅಂದುಕೊಂಡೆ.

ಆಮೇಲೆ ದಿನಕ್ಕೊಂದು. ಚೂಡಿದಾರ ಬ್ಯಾಡ, ಸೀರೆ ಉಡು, ಗಿರಾಕಿಗೆ ಮರ್ಯಾದೆ ಬರ್ತೈತೆ. ಮೂಲೆಯಲ್ಲಿ ಕೂಡಬ್ಯಾಡ, ಬಾಗಿಲಿಗೆ ಮುಖ ಮಾಡಿ ಕೂಡು, ಬಂದವರಿಗೆ ಓನರ್ ಕಾಣಬೇಕು. ಚಾ ಹೋಟೆಲಿನಿಂದ ತರಿಸಬ್ಯಾಡ, ನೀನೇ ಮಾಡಿಕೊಡು, ಮನೆಗೆ ಬಂದಂಗೆ ಅನ್ನಿಸ್ತೈತೆ. ನಾನು ಕೋಲೆ ಬಸವನ ಥರ ಎಲ್ಲದಕ್ಕೂ ತಲೆ ಆಡಿಸಿ, ರೂಮಿಗೆ ಸ್ಟೋವು, ಕಪ್ಪು-ಬಸಿ ಕೂಡ ತಂದಿಟ್ಟೆ.

ಒಂದು ಭಾನುವಾರ ಮಾವ ಹರಿಹರದಿಂದ ತಾಯಿ-ಮಗನನ್ನ ಕರಕೊಂಡು ಬಂದ. ಮಗ ಅಲ್ಲಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಮೊದಲನೇ ಗಿರಾಕಿ ಅಂತ ನನಗೆ ಜೀವ ಬಂತು. ಕೂಡ್ರಿ ಅಂದೆ, ಚಾ ಕೊಟ್ಟೆ, ಕಂಪ್ಯೂಟರ್ ಮುಂದೆ ಕೂತು ಮಗನ ಹೆಸರು ಹಾಕಿದೆ.

'ಅಡಿಗಿ ಮಾಡಾಕ ಬರ್ತೈತೇನವ್ವ?' ಅಂದಳು ತಾಯಿ.

'ಅಡಿಗೆ ಬರೋ ಹುಡುಗೀನೇ ಆಗಬೇಕೇನ್ರಿ? ಬರ್ಕೊಂತೀನಿ,' ಅಂತ ಟೈಪ್ ಮಾಡಿದೆ.

ಆಕೆ ಮಗನ ಮುಖ ನೋಡಿದಳು. 'ಚಸ್ಮ ಯಾವಾಗ ಬಂತು?'

ಮಗನಿಗೆ ಚಸ್ಮ ಇರಲಿಲ್ಲ. ಇದ್ದದ್ದು ನನಗೆ.

'ಒಂದೀಟು ಎದ್ದು ನಿಂತ್ಕೊಳ್ಳವ್ವ, ಎತ್ತರ ನೋಡ್ತೀನಿ,' ಅಂತ ಆಕೆ ಚೀಲದಿಂದ ಮಡಚಿದ ಹಾಳೆ ತೆಗೆದಳು. ನನ್ನ ಸ್ಯಾಂಪಲ್. ಮೂಲೆಯಲ್ಲಿ ನನ್ನ ಫೋಟೋ ಅಂಟಿಸಿತ್ತು, ಡಿಗ್ರಿ ಮುಗಿದಾಗ ಸ್ಟುಡಿಯೋದಲ್ಲಿ ತೆಗೆಸಿದ್ದು. ಅದರ ಕಾಪಿ ಇದ್ದದ್ದು ನಮ್ಮ ಮನೆಯ ಟ್ರಂಕಿನಲ್ಲಿ. ಮಾವನ ಕೈಗೆ ಹೆಂಗೆ ಸಿಕ್ತು ಅಂತ ಯೋಚನೆ ಮಾಡೋ ತಾಳ್ಮೆ ಆಗ ನನಗಿರಲಿಲ್ಲ. ಮೈಯೆಲ್ಲ ಉರಿದುಹೋಯ್ತು.

'ಇದು ಆಫೀಸ್ರಿ,' ಅಂದೆ. 'ನಾನು ಇದರ ಓನರ್.'

ತಾಯಿ ಹಾಳೆ ಮಡಚಿ ಚೀಲಕ್ಕಿಟ್ಟಳು. ಮಾವನ ಕಡೆ ತಿರುಗಿದಳು. 'ಹುಡುಗಿ ಲಕ್ಷಣ ಅದಾಳೆ. ಆದ್ರೆ ಈ ಕಂಪ್ಯೂಟರ್ ಗಿಂಪ್ಯೂಟರ್ ನಮ್ಮ ಮನ್ಯಾಗ ನಡಿಯಲ್ಲ ನೋಡ್ರಿ.'

ಮಾವ ನಕ್ಕ. 'ಬಿಡ್ತಾಳೆ ಬಿಡ್ರಿ. ಮದುವಿ ತನಕ ಹೊತ್ತು ಹೋಗ್ಲಿ ಅಂತ ನಾನೇ ಹಾಕ್ಕೊಟ್ಟಿದ್ದು.'

ಸೀರೆ, ಬಾಗಿಲು, ಚಾ, ಎಲ್ಲಾ ಒಂದೇ ಏಟಿಗೆ ಅರ್ಥ ಆಯ್ತು. ಜೀವಮಾನವಿಡೀ ಗಿರಾಕಿ ಮುಂದೆ ಸೀರೆ ಬಿಚ್ಚಿ ಹರವಿದ ಮನುಷ್ಯ, ನನ್ನನ್ನೂ ಹರವಿ ಕೂಡಿಸಿದ್ದ. ನಾನು ಓನರ್ ಅಂದುಕೊಂಡು ಕೂತ ಕುರ್ಚಿ ಮಾಲು ಇಡೋ ಜಾಗ. ಮಗ ಚಾ ಕಪ್ಪಿನೊಳಗೇ ನೋಡ್ತಾ ಇದ್ದ. ಅವನ ಮೇಲೂ ನನಗೆ ಕನಿಕರ ಬರಲಿಲ್ಲ.

ಅವರನ್ನ ಬಸ್‌ಸ್ಟ್ಯಾಂಡಿಗೆ ಬಿಟ್ಟು ಮಾವ ವಾಪಸ್ ಬರೋದರೊಳಗೆ ವೈರೆಲ್ಲ ಕಿತ್ತು, ಆಟೋ ನಿಲ್ಲಿಸಿಕೊಂಡಿದ್ದೆ.

'ಹುಚ್ಚಿ, ಕೂತು ಉಣ್ಣೋ ವ್ಯಾಪಾರ ಹಾಳ್ಮಾಡ್ಕೊಂತೀಯೇನು? ಗಂಡಿನ ಕಡೆಯೋರಿಗೆ ನಾನು ಏನು ಹೇಳ್ಲಿ?'

'ಸ್ಯಾಂಪಲ್ ಖಾಲಿ ಆಯ್ತು ಅಂತ ಹೇಳು,' ಅಂದು ಬೀಗದ ಕೈ ಅವನ ಕಾಲ ಹತ್ತಿರ ಎಸೆದೆ.

ಆಟೋದಲ್ಲಿ ಮಾನಿಟರ್ ಅನ್ನ ತೊಡೆ ಮೇಲೆ ಕೂಸಿನಂಗೆ ಅಪ್ಪಿಕೊಂಡು ಕೂತೆ. ದಾರಿಯುದ್ದಕ್ಕೂ ಮಾವನಿಗೆ ಬಾಯಿಗೆ ಬಂದಂಗೆ ಬೈದೆ. ಅವ್ವನಿಗೆ ಒಂದೂ ಬಿಡದೆ ಹೇಳಬೇಕು. ಅವಳು ಇನ್ನು ಜನ್ಮದಲ್ಲಿ ತಮ್ಮನ ಮುಖ ನೋಡಬಾರದು. ನಾಳೆ ನಮ್ಮ ಪಡಸಾಲೆಯಲ್ಲೇ ಟೇಬಲ್ ಹಾಕ್ಕೊಂಡು ಸ್ಟಾಕಿನ ಸಾಫ್ಟ್‌ವೇರ್ ಮತ್ತೆ ತೆಗೀಬೇಕು. ಅವ್ವ ಒಬ್ಬಳು ಜೊತೆಗಿದ್ದರೆ ಸಾಕು, ಯಾವ ರೂಮೂ ಬ್ಯಾಡ.

ಅವ್ವ ಬಾಗಿಲಲ್ಲೇ ಕಾಯ್ತಾ ನಿಂತಿದ್ದಳು. ಮದುವೆಗೆ ಹೋಗುವಾಗ ಉಡೋ ಸೀರೆ ಉಟ್ಟಿದ್ದಳು. ಒಳಗಿನಿಂದ ಹೋಳಿಗೆ ವಾಸನೆ ಬರ್ತಿತ್ತು. ನನ್ನ ಕೈಯಲ್ಲಿದ್ದ ಮಾನಿಟರ್ ಕಡೆ ಆಕೆ ನೋಡಲೇ ಇಲ್ಲ.

'ಒಪ್ಪಿದರೇನೇ?' ಅಂದಳು.